ಇಪ್ಪತ್ತಾರು ಅಂಕಗಳ ಒಂದು ಸಂಖ್ಯೆ: ಸಾಕ್ಷ್ಯವಿಮರ್ಶೆ

ಬೆಂಗಳೂರಿನಲ್ಲಿ ೧೯೨೯ರಲ್ಲಿ ಜನಿಸಿ ೨೦೧೩ರಲ್ಲಿ ಅದೇ ನಗರದಲ್ಲಿ ನಿಧನರಾದ ಶಕುಂತಲಾದೇವಿಯವರು, ೧೯೮೦ರ ಜೂನ್ ೧೮ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಗಣಕಯಂತ್ರವು ಆರಿಸಿಕೊಟ್ಟ ೭,೬೮೬,೩೬೯,೭೭೪,೮೭೦ ಮತ್ತು ೨,೪೬೫,೦೯೯,೭೪೫,೭೭೯ ಎಂಬ ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸಿ, ೨೮ ಸೆಕೆಂಡುಗಳಲ್ಲಿ ಲಬ್ಧವನ್ನು ತಿಳಿಸಿದರೆಂದು ದಾಖಲೆಯಿದೆ. ಆ ಲಬ್ಧವು ೧೮,೯೪೭,೬೬೮,೧೭೭,೯೯೫,೪೨೬,೪೬೨,೭೭೩,೭೩೦. ಇದನ್ನು ಕೊಂಡಾಡಿದವರು ಹಲವರು; ಸಂದೇಹಿಸಿದವರೂ ಉಂಟು. ಇತಿಹಾಸದ ಅಭ್ಯಾಸಿಯು ಇದರಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ವಿಚಾರಿಸುವುದೇ ನಮ್ಮ ಉದ್ದೇಶ.

ಮೊದಲು ಸಂಖ್ಯೆಯನ್ನೇ ಪರೀಕ್ಷಿಸೋಣ. ಇದರಲ್ಲಿ ೨೬ ಸ್ಥಾನಗಳಿವೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ೨೪ ಸ್ಥಾನಗಳನ್ನು ಹೆಸರಿಸಿದ್ದಾನೆ, ನಮ್ಮ ಸಂಖ್ಯೆಯು ಆ ದೀರ್ಘವಾದ ಪಟ್ಟಿಯನ್ನೂ ಎರಡು ಸ್ಥಾನಗಳಷ್ಟು ಮೀರಿದೆ.

ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲಿ ಕಂಡುಬರುವ ನವಶೇಷ ಪರೀಕ್ಷೆಯನ್ನು ಇದಕ್ಕೆ ಅನ್ವಯಿಸಬಹುದು. ಗುಣ್ಯದ ಅಂಕಗಳ ಮೊತ್ತ ೭೮, ಗುಣಕದ್ದು ೭೪. ಇವನ್ನು ೯ರಿಂದ ಭಾಗಿಸಿದರೆ ಕ್ರಮವಾಗಿ ೬ ಮತ್ತು ೨ ಉಳಿಯುತ್ತವೆ. ಶೇಷಗಳ ಗುಣಲಬ್ಧವಾದ ೧೨ರಲ್ಲಿ ೩ ಉಳಿಯುತ್ತದೆ. ಲಬ್ಧದ ಅಂಕಗಳ ಮೊತ್ತ ೧೩೮. ಅದರಲ್ಲಿಯೂ ಶೇಷ ೩. ಆದರೆ ಎರಡು ಅಂಕಗಳು ಪರಸ್ಪರ ಸ್ಥಳ ಬದಲಿಸಿದ್ದರೆ ಈ ಪರೀಕ್ಷೆಗೆ ಅದು ಗೋಚರಿಸದು. ಆದಕಾರಣ ೧೧ರ ಪರೀಕ್ಷೆಯೂ ಅವಶ್ಯಕ. ಬಲದಿಂದ ಒಂದು ಬಿಟ್ಟು ಒಂದರಂತೆ ಲಬ್ಧದ ಅಂಕಗಳನ್ನು ಕೂಡಿದರೆ ಎರಡು ಸಾಲುಗಳಲ್ಲಿಯೂ ೬೯ ಬರುತ್ತದೆ. ಅಂದರೆ ಸಂಖ್ಯೆಯು ೧೧ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಗುಣಕದಲ್ಲಿ ಈ ಎರಡು ಮೊತ್ತಗಳೂ ೩೭ ಆಗಿ ಅದೂ ೧೧ರಿಂದ ಭಾಗವಾಗುವುದರಿಂದ, ಇದು ಹೀಗೆಯೇ ಇರತಕ್ಕದ್ದು. ಕಾಗದದ ಮೇಲೆ ಪೂರ್ಣವಾಗಿ ಗುಣಿಸಿದರೂ ಲಬ್ಧವು ಅದೇ. ಆದ್ದರಿಂದ ಉತ್ತರದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಅವಧಿಯ ವಿಷಯ ಬೇರೆ. ಮನೋಗಣಿತಜ್ಞರನ್ನು ಕುರಿತು ೧೯೮೩ರಲ್ಲಿ ಗ್ರಂಥ ರಚಿಸಿದ ಸ್ಟೀವನ್ ಸ್ಮಿತ್ ಅವರಿಗೆ, ಹಿಂದಿನವರ ಸಾಧನೆಗಳಿಗೆ ಹೋಲಿಸಿದಾಗ ಈ ವೇಗವು ನಂಬಲಸಾಧ್ಯವೆಂದು ತೋರಿತು. ಇತ್ತ ಆರ್ಥರ್ ಜೆನ್ಸನ್ ಅವರು ೧೯೮೮ರಲ್ಲಿ ಬರ್ಕ್ಲಿಯಲ್ಲಿ ದೇವಿಯವರನ್ನು ಪರೀಕ್ಷಿಸಿ ೧೯೯೦ರಲ್ಲಿ ಪ್ರಕಟಿಸಿದ ಲೇಖನವು ಅವರ ಅಸಾಮಾನ್ಯ ಶಕ್ತಿಯನ್ನು ದೃಢಪಡಿಸುತ್ತದೆ. ೬೧,೬೨೯,೮೭೫ರ ಘನಮೂಲ ೩೯೫ ಎಂಬ ಉತ್ತರವು, ಜೆನ್ಸನ್ ಅವರು ಪ್ರಶ್ನೆಯನ್ನು ಬರೆದುಕೊಳ್ಳುವ ಮೊದಲೇ ಬಂದಿತ್ತು. ಆದರೆ ಪೂರ್ಣ ಘನದ ಕೊನೆಯ ಅಂಕವೇ ಮೂಲದ ಕೊನೆಯ ಅಂಕವನ್ನು ಸೂಚಿಸುತ್ತದೆ. ೧೩ ಅಂಕಗಳ ಎರಡು ಸಂಖ್ಯೆಗಳ ಗುಣಾಕಾರದಲ್ಲಿ ಅಂತಹ ಸುಲಭ ಮಾರ್ಗವಿಲ್ಲ. ಒಂದರ ಪ್ರಮಾಣವು ಇನ್ನೊಂದಕ್ಕೆ ಪ್ರಮಾಣವಾಗದು. ೨೦೨೦ರಲ್ಲಿ ಗಿನ್ನೆಸ್ ಸಂಸ್ಥೆಯು ಮರಣೋತ್ತರವಾಗಿ ನೀಡಿದ ಪ್ರಮಾಣಪತ್ರವೂ ಮನ್ನಣೆಯೇ ಹೊರತು ಹೊಸ ಪರೀಕ್ಷೆಯಲ್ಲ.

ಶಾಸನವನ್ನು ಓದುವಾಗ ನಾವು ದತ್ತಿಯ ಭಾಗವನ್ನೂ ಪ್ರಶಸ್ತಿಯ ಭಾಗವನ್ನೂ ಬೇರೆಬೇರೆಯಾಗಿ ತೂಗುತ್ತೇವೆ. ಇಲ್ಲಿಯೂ ಅದೇ ವಿವೇಕ ಸಲ್ಲತಕ್ಕದ್ದು. ಸಂಖ್ಯೆಯು ಯಾವ ಕಾಲದಲ್ಲಿಯೂ, ಯಾವ ವಿದ್ಯಾರ್ಥಿಯ ಕೈಯಲ್ಲಿಯೂ ಮರುಪರೀಕ್ಷೆಗೆ ನಿಲ್ಲುವ ಸಾಕ್ಷಿ. ೨೮ ಸೆಕೆಂಡುಗಳೆಂಬುದು ಅಂದು ಅಲ್ಲಿದ್ದವರ ಮಾತನ್ನು ಅವಲಂಬಿಸಿದ ಸಾಕ್ಷಿ. ಈ ಭೇದವನ್ನು ಮನಗಂಡರೆ ದೇವಿಯವರ ಕೀರ್ತಿಗೆ ಕುಂದಿಲ್ಲ. ನಮ್ಮ ಶಾಸ್ತ್ರಕ್ಕೂ ಲೋಪವಿಲ್ಲ.