ಕಾಲುವೆಯ ಮೇಲೊಂದು ಬೇಸಗೆ

ಬೇಸಗೆಯನ್ನು ದೋಣಿಯಲ್ಲಿ ಕಳೆಯುವುದೆಂದರೆ ನಿಮಗೆ ನಗು ಬಂದೀತು. ನಮ್ಮ ಹೊಳೆಗಳು ಆ ಕಾಲಕ್ಕೆ ಮೊಣಕಾಲುದ್ದಕ್ಕೆ ಇಳಿದಿರುತ್ತವೆ. ಅಂಬಿಗನು ಹರಿಗೋಲನ್ನು ದಡದ ಮೇಲೆ ಬೋರಲು ಹಾಕಿ ಮಳೆಯ ದಾರಿ ನೋಡುತ್ತಾನೆ. ಇಂಗ್ಲೆಂಡಿನ ಬೇಸಗೆಯ ಮಾತು ಬೇರೆ. ನಮ್ಮಲ್ಲಿ ಹೊಸ ಮದುಮಗಳು ಆಷಾಢವೆಂದು ತವರಿಗೆ ಹೋಗುವ ದಿನಗಳು ಅವರಿಗೆ ಬೆಚ್ಚನೆಯ, ನೀಳ ಹಗಲಿನ ದಿನಗಳು. ಅಂಥ ಒಂದು ಬೇಸಗೆಯಲ್ಲಿ ಆಗ ತಾನೆ ಮದುವೆಯಾದ ದಂಪತಿಗಳಿಬ್ಬರು ಕೈಗೊಂಡ ದೋಣಿಯಾನವು ಒಂದು ದೇಶದ ಜಲಮಾರ್ಗಗಳ ಹಣೆಬರಹವನ್ನೇ ತಿದ್ದಿತು. ಆ ಸಂಗತಿಯನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತೇನೆ.

1939ನೆಯ ಇಸವಿ ಜುಲೈ 27ರಂದು, ಆಕ್ಸ್‌ಫರ್ಡ್ ಕಾಲುವೆಯ ದಡದಲ್ಲಿರುವ ಬ್ಯಾನ್‌ಬರಿ ಎಂಬ ಊರಿನಿಂದ ‘ಕ್ರೆಸ್ಸಿ’ ಎಂಬ ಹಳೆಯ ಸರಕಿನ ದೋಣಿಯೊಂದು ಹೊರಟಿತು. ಅದರಲ್ಲಿದ್ದವರು ಟಾಮ್ ರೋಲ್ಟ್ ಎಂಬ ತರುಣ ಎಂಜಿನಿಯರನು ಮತ್ತು ಅವನ ಪತ್ನಿ ಏಂಜೆಲಾ. ಅವರು ಆ ದೋಣಿಯನ್ನೇ ಮನೆಯಾಗಿ ಮಾಡಿಕೊಂಡಿದ್ದರು. ಅಡುಗೆಮನೆ, ಬಚ್ಚಲು, ಪುಸ್ತಕಗಳು ಎಲ್ಲವೂ ಅದರೊಳಗೇ. ಅದರ ಅಗಲವಾದರೋ ಏಳು ಅಡಿ, ಉದ್ದ ಸುಮಾರು ಎಪ್ಪತ್ತು ಅಡಿ! ವಠಾರದ ಮನೆಯಲ್ಲಿ ಸಂಸಾರ ಮಾಡಿದವರಿಗೆ ಈ ಅಳತೆಯ ಅರ್ಥ ಚೆನ್ನಾಗಿ ತಿಳಿದೀತು.

ಏಳೇ ಅಡಿ ಏಕೆಂದು ಕೇಳುವಿರಾ? ಅದಕ್ಕೆ ಉತ್ತರ ಹದಿನೆಂಟನೆಯ ಶತಮಾನದಲ್ಲಿದೆ. 1761ರಲ್ಲಿ ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರ್ ನಗರದ ಕಡೆಗೆ ಕಲ್ಲಿದ್ದಲನ್ನು ಒಯ್ಯಲು ಬ್ರಿಜ್‌ವಾಟರ್ ಕಾಲುವೆ ತೆರೆಯಿತು. ಅದರ ಕೆಲಸದಲ್ಲಿ ಮುಂದಾಳಾಗಿದ್ದ ಜೇಮ್ಸ್ ಬ್ರಿಂಡ್ಲಿಗೆ ಓದುಬರಹ ಅಷ್ಟಾಗಿ ಬಾರದು. ಆದರೆ ನೀರಿನ ಮನಸ್ಸು ಮಾತ್ರ ಚೆನ್ನಾಗಿ ಗೊತ್ತಿತ್ತು. ಮುಂದೆ ಅವನು ನಡುನಾಡಿನ ಗುಡ್ಡಗಳ ನಡುವೆ ಕಾಲುವೆಗಳನ್ನು ಒಯ್ದಾಗ, ಖರ್ಚು ಮತ್ತು ನೀರು ಎರಡೂ ಉಳಿಯಲೆಂದು ‘ಲಾಕ್’ಗಳನ್ನು ಏಳು ಅಡಿಯ ಅಗಲಕ್ಕೆ ಕಟ್ಟಿಸಿದನು. ಲಾಕ್ ಎಂದರೆ ನೀರಿನ ಮೆಟ್ಟಿಲು. ಎರಡು ಕಡೆ ಬಾಗಿಲಿರುವ ತೊಟ್ಟಿಯೊಳಗೆ ದೋಣಿ ಬಂದು ನಿಲ್ಲುತ್ತದೆ. ಬಾಗಿಲು ಮುಚ್ಚಿ ನೀರು ತುಂಬಿದರೆ ದೋಣಿ ಮೇಲೇರುತ್ತದೆ, ನೀರು ಬಿಟ್ಟರೆ ಕೆಳಗಿಳಿಯುತ್ತದೆ. ಒಂದೇ ಕುದುರೆಯು ದಡದ ಮೇಲೆ ನಡೆಯುತ್ತ ಇಪ್ಪತ್ತೈದು ಟನ್ನು ಸರಕನ್ನು ಹಗ್ಗ ಕಟ್ಟಿ ಎಳೆಯುತ್ತಿತ್ತು. ಗಾಡಿಯಲ್ಲಿ ಅಷ್ಟನ್ನು ಸಾಗಿಸಲು ಎಷ್ಟು ಕುದುರೆಗಳು ಬೇಕಾದಾವೆಂದು ನೀವೇ ಲೆಕ್ಕ ಹಾಕಿ.

1830ರಲ್ಲಿ ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ನಡುವೆ ರೈಲು ಓಡಿತು. ಕಾಲುವೆಗಳ ಭಾಗ್ಯ ತಿರುಗಿತು. ಬಾಡಿಗೆ ಇಳಿದುದರಿಂದ ಅನೇಕ ಅಂಬಿಗರು ದಡದ ಮೇಲಿನ ಮನೆಯನ್ನು ಬಿಟ್ಟು, ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಹಿಂಬದಿಯ ಹತ್ತಡಿ ಉದ್ದದ ಕೋಣೆಯಲ್ಲಿ ಇಡೀ ಸಂಸಾರ. ಆ ಬಡತನದಲ್ಲಿಯೂ ಅವರು ದೋಣಿಯ ಬಾಗಿಲುಗಳ ಮೇಲೆ, ನೀರಿನ ಕೊಡಗಳ ಮೇಲೆ ಗುಲಾಬಿ ಹೂಗಳನ್ನೂ ಕೋಟೆಗಳನ್ನೂ ಬಣ್ಣದಲ್ಲಿ ಬರೆದುಕೊಂಡರು.

ರೋಲ್ಟ್ ದಂಪತಿಗಳು ಕಂಡದ್ದು ಈ ಲೋಕದ ಕೊನೆಯ ದಿನಗಳನ್ನು. ಕಾಲ್ನಡಿಗೆಯ ವೇಗದಲ್ಲಿ ಅವರು ಬಡಗಲ ಕಡೆಗೆ ಸಾಗಿ, ಸೋರ್ ಮತ್ತು ಟ್ರೆಂಟ್ ನದಿಗಳನ್ನು ಹಾದು, ಮತ್ತೆ ಕಾಲುವೆಗಳಿಗೆ ತಿರುಗಿದರು. ಹೂಳು ತುಂಬಿದ ಪಾತ್ರಗಳು, ಸೋರುವ ಬಾಗಿಲುಗಳು, ಹುಲ್ಲು ಬೆಳೆದ ಕಟ್ಟೆಗಳು, ಅವುಗಳ ನಡುವೆ ತಮ್ಮ ಕಸಬನ್ನು ಬಿಡದ ಅಂಬಿಗರು! ಅವರ ಮಾತನ್ನೂ ಪದ್ಧತಿಗಳನ್ನೂ ರೋಲ್ಟನು ಮನಸ್ಸಿಟ್ಟು ಗಮನಿಸಿದನು. ಅಷ್ಟರಲ್ಲಿ ಸೆಪ್ಟೆಂಬರ್ 3 ಬಂದಿತು. ಬ್ರಿಟನ್ ಯುದ್ಧ ಸಾರಿತು. ಬೇಸಗೆ ಮುಗಿಯಿತು. ರೋಲ್ಟನು ಕ್ರೂ ಎಂಬಲ್ಲಿ ವಿಮಾನದ ಎಂಜಿನುಗಳ ಕಾರ್ಖಾನೆಗೆ ದುಡಿಯಲು ಹೋದನು.

ಆ ಪ್ರವಾಸದ ಕಥನವನ್ನು ಅವನು ಬರೆದಿಟ್ಟನು, ಪ್ರಕಾಶಕರು ಬೇಡವೆಂದರು. ಕೊನೆಗೆ 1944ರ ಡಿಸೆಂಬರಿನಲ್ಲಿ ‘ನ್ಯಾರೋ ಬೋಟ್’ ಎಂಬ ಹೆಸರಿನಿಂದ ಅದು ಅಚ್ಚಾಯಿತು. ಯುದ್ಧದಿಂದ ಬೇಸತ್ತಿದ್ದ ಜನರು ಅದನ್ನು ಅಕ್ಕರೆಯಿಂದ ಓದಿದರು. ಓದಿದವರಲ್ಲಿ ರಾಬರ್ಟ್ ಐಕ್‌ಮನ್ ಎಂಬಾತನೊಬ್ಬನು. ಅವನು ಪತ್ರ ಬರೆದನು. 1945ರಲ್ಲಿ ಕ್ರೆಸ್ಸಿ ತಂಗಿದ್ದ ಟಾರ್ಡೆಬಿಗ್‌ಗೆ ಬಂದು ಭೇಟಿಯಾದನು. ಮರುವರ್ಷವೇ ಒಳನಾಡಿನ ಜಲಮಾರ್ಗಗಳ ಸಂಘವು ಹುಟ್ಟಿತು.

ಸಂಘದ ಮೊದಲ ಕಾಳಗ ಸೊಗಸಾದುದು. ಸ್ಟ್ರ್ಯಾಟ್‌ಫರ್ಡ್ ಕಾಲುವೆಯಲ್ಲಿ ಎತ್ತುವ ಸೇತುವೆಯಿದ್ದ ಒಂದು ಕಡೆ ರೈಲ್ವೆಯವರು ತಗ್ಗಾದ ಸ್ಥಿರ ಸೇತುವೆಯನ್ನು ಕೂರಿಸಿ ದಾರಿ ಕಟ್ಟಿದ್ದರು. ಆದರೆ ಆ ಕಾಲುವೆಯಲ್ಲಿ ದೋಣಿ ನಡೆಸುವ ಹಕ್ಕನ್ನು ಕಾಯಿದೆಯಿಂದ ಯಾರೂ ತೆಗೆದುಹಾಕಿರಲಿಲ್ಲ. ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಪ್ರಶ್ನೆ ಬಂದಾಗ, ದೋಣಿ ಬರುವುದೆಂದು ತಿಳಿಸಿದರೆ ಸೇತುವೆಯನ್ನು ಎತ್ತಿಕೊಡುತ್ತೇವೆಂಬ ಉತ್ತರ ದೊರೆಯಿತು. ರೋಲ್ಟನು ತಿಳಿಸಿಯೇ ಬಿಟ್ಟನು! 1947ರ ಮೇ 20ರಂದು ಆಳುಗಳು ಜಾಕಿ ಹಾಕಿ ಸೇತುವೆಯನ್ನು ಎತ್ತಿದರು. ಕ್ರೆಸ್ಸಿ ಅದರಡಿಯಲ್ಲಿ ನುಸುಳಿತು. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಅದನ್ನು ಬಳಸುವವನೊಬ್ಬನು ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಅದೇ ಕಾಲುವೆಯ ದಕ್ಷಿಣ ಭಾಗವನ್ನು ಸ್ವಯಂಸೇವಕರು, ಸೈನಿಕರು, ಬಂದಿಗಳು ಕೂಡಿ ಹೂಳೆತ್ತಿ ದುರಸ್ತಿ ಮಾಡಿದರು. 1964ರ ಜುಲೈಯಲ್ಲಿ ರಾಜಮಾತೆಯು ಅದನ್ನು ತೆರೆದಳು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಕಥೆ ಮಂಗಳವಾಗುತ್ತದೆ. ಆದರೆ ಚರಿತ್ರೆ ಹರಿಕಥೆಯಲ್ಲ. ರೋಲ್ಟನಿಗೂ ಐಕ್‌ಮನ್‌ನಿಗೂ ಮನಸ್ಸು ಒಡೆಯಿತು. ಯಾವುದೊಂದು ಕಾಲುವೆಯನ್ನೂ ಬಿಟ್ಟುಕೊಡಬಾರದೆಂದು ಐಕ್‌ಮನ್. ದುಡಿಯುವ ಅಂಬಿಗರ ಬದುಕಿಗೆ ಬೇಕಾದ ಕಾಲುವೆಗಳನ್ನು ಮೊದಲು ಉಳಿಸಬೇಕೆಂದು ರೋಲ್ಟ್. 1951ರ ಹೊತ್ತಿಗೆ ರೋಲ್ಟನು ಸಂಘದಿಂದ ಹೊರಗಾದನು. ಕ್ರೆಸ್ಸಿಯ ಆಯುಷ್ಯವೂ ತೀರಿತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದವು. ಸರಕು ರಸ್ತೆಗೆ ಹೋಯಿತು, ಮರಳಿ ಬರಲಿಲ್ಲ. ಇಂದು ಆ ಕಾಲುವೆಗಳಲ್ಲಿ ವಿಹಾರದ ದೋಣಿಗಳು ಸಾವಿರಾರು. ನೀರು ಉಳಿಯಿತು, ನೀರಿನ ಮೇಲೆ ಬಾಳಿದ ಒಕ್ಕಲು ಉಳಿಯಲಿಲ್ಲ.

ಹಾಗಾದರೆ ಯಾರು ಸರಿ? ಮೂವತ್ತು ವರ್ಷ ಪಾಠ ಹೇಳಿದ ನಾನು ಸುಲಭವಾಗಿ ರೋಲ್ಟನ ಪಕ್ಷ ಹಿಡಿಯಲಾರೆ. ದೋಣಿಯ ಮಕ್ಕಳು ಒಂದೇ ಊರಿನಲ್ಲಿ ನಿಲ್ಲುತ್ತಿರಲಿಲ್ಲ. ಹೀಗಾಗಿ ಶಾಲೆಯ ಮುಖ ಕಂಡದ್ದು ಕಡಿಮೆ. ಅವರನ್ನು ಓದಿಸಬೇಕೆಂದು 1877ರಲ್ಲಿಯೂ 1884ರಲ್ಲಿಯೂ ಕಾಯಿದೆಗಳಾದವು. ಆದರೂ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಸಹಿ ಹಾಕಲಾರದ ಅಂಬಿಗರು ಎಷ್ಟೋ ಮಂದಿ. ಬಾಗಿಲ ಮೇಲಿನ ಗುಲಾಬಿಯನ್ನು ಮೆಚ್ಚುವ ನಾವು, ಆ ಬಾಗಿಲ ಹಿಂದಿದ್ದ ಅಕ್ಷರವಿಲ್ಲದ ಮಗುವನ್ನೂ ನೆನೆಯಬೇಡವೆ? ಆ ಬಾಳು ಹೋದದ್ದಕ್ಕೆ ಅದನ್ನು ಬಾಳಿದವರೆಲ್ಲರೂ ಅತ್ತರೆಂದು ಹೇಳಲು ನನಗೆ ಧೈರ್ಯವಿಲ್ಲ.

ಆದರೆ ಒಂದು ಮಾತು ನಿಜ. ರೋಲ್ಟನು ಆ ಬೇಸಗೆಯಲ್ಲಿ ಹೊರಡದೆ ಹೋಗಿದ್ದರೆ, ಬರೆದಿಡದೆ ಹೋಗಿದ್ದರೆ, ಆ ಜನರ ಜಾಣ್ಮೆಯ ಎಷ್ಟೋ ಗುರುತು ಅಳಿಯುತ್ತಿತ್ತು. ನಿಮ್ಮೂರಿನ ಹೊಳೆಯ ಮೇಲೆ ಸೇತುವೆ ಬಂದ ಮೇಲೆ ಹುಟ್ಟನ್ನು ಅಟ್ಟಕ್ಕೆ ಹಾಕಿದ ಮುದುಕ ಅಂಬಿಗರು ಇನ್ನೂ ಇದ್ದಾರು. ಸುಳಿಯ ಹೆಸರು, ಸೆಳವಿನ ಹೆಸರು, ಗಾಳಿಯ ಹೆಸರು, ನಮ್ಮ ನಿಘಂಟುಗಳಲ್ಲಿ ಸೇರದ ಕನ್ನಡ ಅವರ ಬಾಯಲ್ಲಿದೆ. ಈ ರಜೆಯಲ್ಲಿ ನಿಮ್ಮ ಮಕ್ಕಳ ಕೈಗೆ ಒಂದು ನೋಟುಬುಕ್ಕು ಕೊಟ್ಟು ಅವರ ಬಳಿಗೆ ಕಳುಹಿಸಿ. ಸೇತುವೆ ಬೇಡವೆನ್ನಬೇಕಾಗಿಲ್ಲ; ಹೊಳೆ ದಾಟಿಸಿದವನನ್ನು ಮರೆಯದಿದ್ದರೆ ಸಾಕು.