ತೋಟದ ಬಾಗಿಲಿಗೆ ಬಂದ ಕಾಫಿ ವರ್ತಕ

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ ಬೆಳೆಗಾರರ ರಕ್ಷಣೆಗೆ ಬಂದದ್ದು ಕಾಫಿ ಮಂಡಳಿ. 1942ರ ಕಾಯಿದೆಯಂತೆ ಕೊಡಗು, ಚಿಕ್ಕಮಗಳೂರಿನ ಬೆಳೆ ಬಹುತೇಕ ಮಂಡಳಿಯ 'ಪೂಲ್' ಸೇರತೊಡಗಿತು. ವರ್ತಕರು ಹರಾಜಿನಲ್ಲಿ ಕೊಳ್ಳಬೇಕಿತ್ತು. ಬೆಳೆಗಾರನಿಗೆ ಹಣ ಕಂತುಕಂತಾಗಿ, ತಡವಾಗಿ ತಲುಪುತ್ತಿತ್ತು.

1992ರಿಂದ ಸಡಿಲಗೊಂಡ ಈ ಕಟ್ಟು 1996ರಲ್ಲಿ ಪೂರ್ತಿ ಕಳಚಿತು. ವರ್ತಕ ತೋಟದ ಬಾಗಿಲಿಗೇ ಬಂದ. 50 ಕೆ.ಜಿ. ಒಣ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಬೀಜ ಸಿಗುತ್ತದೆ ಎಂಬ 'ಔಟ್‌ಟರ್ನ್' ನೋಡಿ ಬೆಲೆ ಕಟ್ಟಿದ. (ಚೌಕಾಸಿಯೆಲ್ಲ ಇಲ್ಲೇ!) ಹತ್ತಾರು ತೋಟಗಳ ಮಾಲನ್ನು ಕ್ಯೂರಿಂಗ್ ಮಾಡಿಸಿ, ಹುರಿಯುವವರು ಕೇಳಿದ ದರ್ಜೆಗೆ ವಿಂಗಡಿಸಿ ಕಳಿಸಿದ.

ಬೆಳೆಗಾರನ ಕೈಗೆ ನಗದು ಬಂತು, ನಿಜ. ಆದರೆ 2001ರ ಸುಮಾರಿಗೆ ಬೆಲೆ ಕುಸಿದಾಗ ಪೂಲ್‌ನ ಆಸರೆ ಇರಲಿಲ್ಲ. ವರ್ತಕ ಹೇಳುವ ದರ ಲಂಡನ್, ನ್ಯೂಯಾರ್ಕ್ ಪೇಟೆಗಳನ್ನು ನೋಡಿಕೊಂಡಿತ್ತು.