ಅತಿಸಾರದಲ್ಲಿ ಜಲಕ್ಷಯವೂ ವೃದ್ಧರೂ

ಅತಿಸಾರವೆಂಬ ಹೆಸರಿನಲ್ಲಿಯೇ ಆ ರೋಗದ ಲಕ್ಷಣವು ಅಡಗಿದೆ. ಶರೀರದ ಅಪ್‌ಧಾತುವು ಜಠರಾಗ್ನಿಯನ್ನು ಕುಂದಿಸಿ, ಮಲದೊಡನೆ ಬೆರೆತು, ವಾಯುವಿನಿಂದ ಕೆಳಕ್ಕೆ ನೂಕಲ್ಪಡುವುದೆಂದು ಸುಶ್ರುತಸಂಹಿತೆಯ ಉತ್ತರತಂತ್ರವು ವಿವರಿಸುತ್ತದೆ. ಹೊರಟುಹೋಗುವುದು ಬರಿಯ ಮಲವಲ್ಲ, ದೇಹದ ನೀರು ಎಂಬ ತಿಳಿವು ಇಲ್ಲಿ ಸ್ಪಷ್ಟವಾಗಿದೆ. ಆದರೆ ಹೋದ ನೀರನ್ನು ಅಳೆದು ತುಂಬಬೇಕೆಂಬ ವಿಧಿಯು ಪ್ರಯೋಗಕ್ಕೆ ಬಂದುದು 19ನೆಯ ಶತಮಾನದಲ್ಲಿ.

1831ರಲ್ಲಿ ವಿಲಿಯಂ ಓಷಾಗ್ನೆಸಿ ಎಂಬ ವೈದ್ಯನು ವಾಂತಿಭೇದಿಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಕುಗ್ಗಿರುವುದನ್ನು ಕಂಡನು. ಮರುವರ್ಷ ಸ್ಕಾಟ್ಲೆಂಡಿನ ಲೀತ್ ಪಟ್ಟಣದಲ್ಲಿ ಥಾಮಸ್ ಲಾಟ್ಟನು ಉಪ್ಪುನೀರನ್ನು ನೇರವಾಗಿ ರಕ್ತನಾಳದೊಳಕ್ಕೆ ಹರಿಸಿದನು. ಅವನ ಮೊದಲ ರೋಗಿಯು ಒಬ್ಬ ವೃದ್ಧೆ. ನಾಡಿ ನಿಂತಂತಿದ್ದ ಆಕೆಗೆ ಅರ್ಧ ಗಂಟೆಯಲ್ಲಿ ಆರು ಪೈಂಟು ದ್ರವವು ಸಂದಿತು. ಮೈ ಬೆಚ್ಚಗಾಯಿತು, ಮುಖಕ್ಕೆ ಕಳೆ ಬಂದಿತು. ಲಾಟ್ಟನು ಆಕೆಯನ್ನು ಆಸ್ಪತ್ರೆಯ ವೈದ್ಯನ ವಶಕ್ಕೆ ಒಪ್ಪಿಸಿ ಹೋದನು. ವಾಂತಿಭೇದಿಗಳು ಮರುಕಳಿಸಿದುವು, ದ್ರವವನ್ನು ಮತ್ತೆ ಕೊಡಲಿಲ್ಲ. ಐದೂವರೆ ಗಂಟೆಗಳಲ್ಲಿ ಆಕೆ ತೀರಿಕೊಂಡಳು. ಚಿಕಿತ್ಸೆಯು ಸುಳ್ಳಾಗಿರಲಿಲ್ಲ, ನಡುವೆ ನಿಂತಿತು, ಅಷ್ಟೆ.

ಓಷಾಗ್ನೆಸಿಯು 1833ರಲ್ಲಿ ಕಲ್ಕತ್ತೆಗೆ ಬಂದನು. ಈ ವಿಚಾರವು ಜನಸಾಮಾನ್ಯರ ಕೈಗೆ ಎಟುಕಿದುದೂ ಅದೇ ವಂಗದೇಶದಲ್ಲಿ, 1971ರಲ್ಲಿ. ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು ಸಕ್ಕರೆಗಳ ದ್ರಾವಣವನ್ನು ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ಕರುಳಿನಲ್ಲಿ ಗ್ಲೂಕೋಸು ಸೋಡಿಯಮನ್ನು ಜೊತೆಗೂಡಿಸಿಕೊಂಡು ಒಳಸೇರುತ್ತದೆ. ನೀರು ಅವುಗಳನ್ನು ಹಿಂಬಾಲಿಸುತ್ತದೆ. ಭೇದಿಯು ನಡೆಯುತ್ತಿರುವಾಗಲೂ ಈ ದಾರಿಯು ಮುಚ್ಚುವುದಿಲ್ಲ.

ನಮ್ಮ ನಾಡಿನ ಕಡೆಗೆ ನೋಡೋಣ. ಬೆಂಗಳೂರಿಗೆ ಹೆಸರಘಟ್ಟದ ಕೊಳವೆಯ ನೀರು 1896ರಲ್ಲಿ ಬಂದಿತು. ಯಲಹಂಕದಿಂದ ಬಡಗಲಿಗೆ ಬಳ್ಳಾರಿಯ ಹೆದ್ದಾರಿಯಲ್ಲಿರುವ ಹುಣಸಮಾರನಹಳ್ಳಿಯಂಥ ಊರುಗಳಿಗೆ ಆಗ ಕೆರೆಬಾವಿಗಳೇ ಆಧಾರವಾಗಿದ್ದುವು. ಈ ಸೀಮೆಯ ಮನೆಗಳಲ್ಲಿ ಉಪ್ಪು ಹಾಕಿದ ಗಂಜಿ, ರಾಗಿ ಅಂಬಲಿ, ನೀರುಮಜ್ಜಿಗೆಗಳು ಎಂದಿನಿಂದಲೂ ಇವೆ. ಜೊತೆಯಲ್ಲಿಯೇ, ನೀರು ಕೊಟ್ಟರೆ ಭೇದಿ ಹೆಚ್ಚುವುದೆಂಬ ಭಯವೂ ಇದೆ. ಮದ್ದೂ ಅದರ ನಿಷೇಧವೂ ಒಂದೇ ಅಡುಗೆಮನೆಯಲ್ಲಿ ವಾಸಿಸಿದುವು.

ಈ ಭಯದಿಂದ ಹೆಚ್ಚಾಗಿ ಕೆಡುವವರು ವೃದ್ಧರು. ಮುಪ್ಪಿನಲ್ಲಿ ದೇಹದ ನೀರಿನ ಪಾಲು ಇಳಿಯುತ್ತದೆ. ಮೂತ್ರಪಿಂಡಗಳು ನೀರನ್ನು ಹಿಡಿದಿಡಲಾರವು. ಎಲ್ಲಕ್ಕಿಂತ ಮಿಗಿಲಾಗಿ ಬಾಯಾರಿಕೆಯು ಮಂದವಾಗುತ್ತದೆ. ಚರ್ಮವು ಮೊದಲೇ ಸಡಿಲವಾಗಿರುವುದರಿಂದ ಅದನ್ನು ಚಿವುಟಿ ನೋಡುವ ಪರೀಕ್ಷೆಯೂ ನಂಬತಕ್ಕದ್ದಲ್ಲ. ರಕ್ತದೊತ್ತಡಕ್ಕಾಗಿ ಮೂತ್ರಲ ಔಷಧವನ್ನು ಸೇವಿಸುವವರಿಗೆ ಅಪಾಯವು ಇಮ್ಮಡಿ. ಮಾತಿನಲ್ಲಿ ಗೊಂದಲ, ಎದ್ದಾಗ ತಲೆಸುತ್ತು, ಮೂತ್ರ ಕಡಮೆಯಾಗುವುದು, ಇವುಗಳನ್ನು ವಯಸ್ಸಿನ ದೋಷವೆಂದು ಬಗೆದು ಸುಮ್ಮನಿರುವುದು ಸಲ್ಲದು. ವೈದ್ಯರನ್ನು ಕೂಡಲೇ ಕಾಣಬೇಕು. ಹೃದಯ ಮೂತ್ರಪಿಂಡಗಳ ರೋಗವುಳ್ಳವರಿಗೆ ದ್ರವದ ಪ್ರಮಾಣವನ್ನು ವೈದ್ಯರೇ ನಿಶ್ಚಯಿಸುವುದು ಯುಕ್ತ.

ಆದಕಾರಣ ಮುದುಕರು ಕೇಳಿದಾಗ ನೀರು ಕೊಡುವೆವೆಂಬ ಪದ್ಧತಿಯು ಸಾಲದು, ಅವರು ಕೇಳಲಾರರು. ಕೇಳದಿದ್ದರೂ ಗುಟುಕು ಗುಟುಕಾಗಿ, ಭೇದಿಯು ನಿಲ್ಲುವವರೆಗೂ ಬಿಡದೆ ಕೊಡಬೇಕು.